ಚಿಪ್ಪು ಹಸಿಯೋ ಒಣದೋ

ನಗರಸಭೆ ಹಂಚಿದ ಚೀಟಿಯಲ್ಲಿ ಚಿತ್ರಗಳಿವೆ:
ಹಸಿರು ಬಕೆಟ್ಟಿಗೆ ಬಾಳೆಹಣ್ಣಿನ ಸಿಪ್ಪೆ, ಉಳಿದ ಅನ್ನ,
ನೀಲಿಗೆ ಬಾಟಲಿ, ಪೇಪರು, ಹಾಲಿನ ತೊಟ್ಟೆ.
ತಿಸ್ರೆಯ ಚಿಪ್ಪು ಎಲ್ಲೂ ಇಲ್ಲ.
ಚೀಟಿ ಬರೆದವರು ಘಟ್ಟದ ಮೇಲಿನವರಿರಬೇಕು.

ಕೋಡಿಬಾಗದ ಈ ಓಣಿಯಲ್ಲಿ ನನ್ನದೊಂದು ಖಾನಾವಳಿ.
ಆರು ಬೆಂಚು, ಮಧ್ಯಾಹ್ನ ಮಾತ್ರ ಊಟ.
ಕಾಳಿಯ ಇಳಿತಕ್ಕೆ ಸೊಂಟದ ನೀರಲ್ಲಿ ನಿಂತು
ಹೆಂಗಸರು ಕೆದಕಿ ತಂದ ತಿಸ್ರೆ ದಿನಕ್ಕೆರಡು ಬುಟ್ಟಿ.
ಮಾಂಸ ಕಿರುಬೆರಳ ತುದಿಯಷ್ಟು, ಉಳಿದದ್ದೆಲ್ಲ ಚಿಪ್ಪು.
ಬದುಕೇ ಹಾಗೆ ಎಂದು ಹೇಳಲು ಹೊರಟವಳಲ್ಲ,
ಚಿಪ್ಪಿನ ಮಾತನ್ನೇ ಆಡುತ್ತಿದ್ದೇನೆ.

ಹಸಿರಿಗೆ ಹಾಕಿದೆ.
ಗಾಡಿಯ ಹುಡುಗ ಶರಣಪ್ಪ ಬಗ್ಗಿ ನೋಡಿ
‘ಇದು ಕೊಳಿಯೂದಿಲ್ಲ ಅಕ್ಕಾ, ಗೊಬ್ಬರದಾಗ ಕಲ್ಲು ಹಾಕಿದಂಗ’ ಎಂದ.
ನೀಲಿಗೆ ಹಾಕಿದೆ.
‘ಇಷ್ಟು ನಾತ ಹೊಡೀತದ, ಒಣಾ ಹೆಂಗಾಗ್ತದ?’
ತೊಳೆದು ಹಾಕಿದೆ. ಮೂರು ಕೊಡ ನೀರು,
ನಳ ಬರುವುದು ದಿನ ಬಿಟ್ಟು ದಿನ.
ಅವತ್ತು ಗಾಡಿಯೇ ಬರಲಿಲ್ಲ.

ಫೋನು ಮಾಡಿದೆ. ದೂರಿಗೊಂದು ನಂಬರು ಕೊಟ್ಟರು, ಹನ್ನೊಂದು ಅಂಕಿ.
ಲಾಟರಿ ಚೀಟಿಯ ಹಾಗೆ
ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿದ್ದೇನೆ.

ಅತ್ತೆಯ ಕಾಲದಲ್ಲಿ ಸುಣ್ಣದ ಭಟ್ಟಿಯ ಬಾಬನಿ ಬರುತ್ತಿದ್ದ,
ಹೆಡಿಗೆಯಲ್ಲಿ ಅಳೆದು ಚಿಲ್ಲರೆ ಎಣಿಸಿ ಕೊಟ್ಟು
ಚಿಪ್ಪು ಹೊತ್ತೊಯ್ಯುತ್ತಿದ್ದ.
ಈ ಊರಿನ ಎಷ್ಟು ಗೋಡೆ
ನಮ್ಮ ಕಸದಿಂದ ಬೆಳ್ಳಗಾಗಿದ್ದವೋ.
ಈಗ ಗೋಡೆಗೆ ಡಬ್ಬಿಯ ಬಣ್ಣ, ಚಿಪ್ಪಿಗೆ ನಾಯಿ.

ಹಿಂದಿನ ಮನೆಯ ವಾಮನ ತಳೇಕರ
ರಾತ್ರಿ ಹನ್ನೊಂದಕ್ಕೆ ಲುಂಗಿ ಎತ್ತಿ ಕಟ್ಟಿ
ಗಾಳಿಗೆ ಹೊರಟವನ ಹಾಗೆ ಹೊರಟು
ತನ್ನ ಗಂಟನ್ನು ಹೊಳೆಗೆ ಎಸೆದು ಬರುತ್ತಾನೆ.
ಬೆಳಿಗ್ಗೆ ಭರತಿ ಅದನ್ನು
ಅವನ ಮೆಟ್ಟಿಲ ಮೇಲೇ ಇಟ್ಟು ಹೋಗುತ್ತದೆ.
ಊರಲ್ಲಿ ಹೊತ್ತಿಗೆ ಸರಿಯಾಗಿ ಬರುವುದು ಅದೊಂದೇ,
ದಿನಕ್ಕೆರಡು ಸಲ, ರವಿವಾರವೂ ರಜೆಯಿಲ್ಲ.
ಏನು ಮಾಡುವುದು, ಅದು ಒಯ್ಯುವ ಗಾಡಿಯಲ್ಲ,
ಮನೆಬಾಗಿಲಿಗೆ ತಂದುಕೊಡುವ ಗಾಡಿ.

ಹಾಲಿನ ತೊಟ್ಟೆ ತೊಳೆದು
ತಂತಿಗೆ ಕ್ಲಿಪ್ಪು ಹಾಕಿ ಒಣಗಿಸುತ್ತೇನೆ ನಾನು,
ಮೊಮ್ಮಗಳ ಫ್ರಾಕಿನ ಪಕ್ಕದಲ್ಲಿ.
ಒಂದು ದಿನ ಕಣ್ಣೆದುರೇ ಶರಣಪ್ಪ
ಎರಡೂ ಬಕೆಟ್ಟು ಒಂದೇ ಬಾಯಿಗೆ ಸುರಿದ.
ಬಾಯಿಗೆ ಬಂದದ್ದನ್ನೆಲ್ಲ ಕೊಂಕಣಿಯಲ್ಲಿ ಬೈದೆ.
ಅವನಿಗೆ ಅರ್ಥವಾಗಲಿಲ್ಲ, ಪೂರ್ತಿ ಅರ್ಥವಾಯಿತು.
‘ನಡುವಿನ ತಗಡು ಮುರದೈತಿ ಅಕ್ಕಾ, ಮೂರು ತಿಂಗಳಾತು.
ನಾವೂ ದೂರು ಕೊಟ್ಟೀವಿ.’
‘ನಂಬರು ಕೊಟ್ಟರಾ?’
‘ಕೊಟ್ಟಾರ.’
ನಗು ಬಂತು. ಬರಬಾರದಿತ್ತು.
ಅವನ ಕೈಗವಸಿನಲ್ಲಿ ಎರಡು ಬೆರಳಿರಲಿಲ್ಲ,
ಹೊರಬಿದ್ದ ಬೆರಳಿಗೆ ಬಾಂಗಡೆಯ ಮುಳ್ಳು ಚುಚ್ಚಿ ಬಾತಿತ್ತು.
ಅದು ನನ್ನ ಮನೆಯ ಮುಳ್ಳೇ ಇರಬಹುದು.

ಆಮೇಲೆ ಗಾಡಿ ಓಣಿಯ ತಿರುವಿನಲ್ಲೇ ನಿಲ್ಲತೊಡಗಿತು.
ರೊಜಾರಿಯೋ ಮಾಸ್ತರರ ಗೇಟಿನೆದುರು ಗುಂಡಿ,
ಚಕ್ರ ಇಳಿದರೆ ಏಳುವುದಿಲ್ಲವಂತೆ.
ಮಾಸ್ತರರು ಮೂರು ಅರ್ಜಿ ಬರೆದರು, ಅಕ್ಷರ ಮುತ್ತಿನಂಥದ್ದು.
ನಾನು ಬರೆಯಲಿಲ್ಲ.
ಅಮಾಸೆಯ ರಾತ್ರಿ ಸುಗಂಧಾಳನ್ನು ಎಬ್ಬಿಸಿ
ಹಿತ್ತಿಲಲ್ಲಿ ಗುಡ್ಡೆ ಬಿದ್ದ ಚಿಪ್ಪನ್ನು
ಹದಿನೇಳು ಬುಟ್ಟಿ ಹೊತ್ತು ಗುಂಡಿಗೆ ಸುರಿದು
ಅತ್ತೆಯ ಒನಕೆಯಿಂದ ಕುಟ್ಟಿದೆವು.
ಕತ್ತಲಲ್ಲೂ ಬೆಳ್ಳಗೆ ಕಾಣುತ್ತಿತ್ತು.
ವಾಮನ ತಳೇಕರ ತನ್ನ ಗಂಟು ಹಿಡಿದು ಬಂದವನು
ನಮ್ಮನ್ನು ಕಂಡು, ಏನೂ ಕೇಳದೆ, ವಾಪಸು ಹೋದ.

ಈಗ ಗಾಡಿ ಬಂದರೆ ಹಾಡಿಗಿಂತ ಮೊದಲು
ಚಿಪ್ಪು ಕೂಗುತ್ತದೆ: ಕರ್ರ್, ಕರ್ರ್.
ತಗಡು ಇನ್ನೂ ಮುರಿದೇ ಇದೆ.
ತೊಟ್ಟೆಗಳನ್ನು ನಾನು ಇನ್ನೂ ತೊಳೆಯುತ್ತೇನೆ,
ಯಾಕೆಂದು ಸುಗಂಧಾ ಕೇಳಿದರೆ ಸುಮ್ಮನೆ ಗದರುತ್ತೇನೆ.

ಮಂಗಳವಾರ ಬರಲಿಲ್ಲ, ಬುಧವಾರವೂ ಇಲ್ಲ.
ಇವತ್ತು ಒಗ್ಗರಣೆ ಹಾಕುವಾಗ
ಕರ್ರ್ ಅಂತು.
ಸೌಟು ಬಿಟ್ಟು ಎರಡೂ ಬಕೆಟ್ಟು ಹಿಡಿದು ಓಡಿದೆ.

ರೊಜಾರಿಯೋ ಮಾಸ್ತರರ ಸೈಕಲ್ಲು.